ಮರಳಿನಲ್ಲಿ ಮಲಗುವ ಮೀನು

ಸರ್ದಾರನ ಹೆಣ ಮನೆಗೆ ಬಂದ ದಿನ ಗಾಜಿನ ತೊಟ್ಟಿಯ ಮುಚ್ಚಳ ತೆಗೆದವರು ಯಾರೆಂದು ಕೊನೆಗೂ ತಿಳಿಯಲಿಲ್ಲ. ಕುರ್ಲಾದ ಆ ಚಾಳಿನ ಎರಡನೇ ಮಾಳಿಗೆಯ ಒಂದೇ ಖೋಲಿಯಲ್ಲಿ ಅಂದು ಮೂವತ್ತು ಹೆಂಗಸರಿದ್ದರು. ನೀರಿನ ಲೋಟ ಇಡಲು ಹಲಗೆ ಬೇಕಾಗಿತ್ತು. ಯಾರೋ ತೊಟ್ಟಿಯ ಮೇಲಿನ ಹಲಗೆಯನ್ನು ಎತ್ತಿಕೊಂಡರು. ಮರುದಿನ ಬೆಳಿಗ್ಗೆ ಕಸ ಗುಡಿಸುವಾಗ ಸರ್ದಾರನ ಹೆಂಡತಿ ಗುಲಶನಳ ಕಸಬರಿಗೆಗೆ ಮಂಚದ ಕೆಳಗಿನಿಂದ ಒಂದು ಮೀನು ಬಂತು. ಗೇಣುದ್ದದ ಗಂಡು. ಬದುಕಿದ್ದಾಗ ಅದಕ್ಕೆ ಹಸಿರು ಮೈ, ಕೆನ್ನೆಯ ಮೇಲೆ ಕೆಂಪು ಗೆರೆಗಳು, ಬೆನ್ನಿನ ರೆಕ್ಕೆಯ ಮೇಲೆ ಒಂದು ಕಪ್ಪು ಬೊಟ್ಟು ಇದ್ದವು. ಈಗ ಬಣ್ಣವೆಲ್ಲ ಹೋಗಿ ಒಣಗಿದ ಹುಣಸೆಕಾಯಿಯ ಹಾಗೆ ಬಾಗಿತ್ತು. ಕಣ್ಣಿದ್ದ ಕಡೆ ಇರುವೆಗಳಿದ್ದವು.

ಗುಲಶನ ಗಂಡನ ಮುಖ ನೋಡಿರಲಿಲ್ಲ. ಸಮುದ್ರದ ನೀರು ತರಲು ಹೋಗಿದ್ದ ಅವನ ರಬ್ಬರಿನ ಬೂಟುಗಳು ಬಾಂದ್ರಾದ ಬಂಡೆಗಳ ಮೇಲೆ ಮಸೀದಿಯ ಬಾಗಿಲಲ್ಲಿ ಬಿಟ್ಟ ಹಾಗೆ ಜೋಡಿಯಾಗಿ ಸಿಕ್ಕಿದ್ದವು. ಮೈ ಸಿಕ್ಕಿದ್ದು ಎರಡು ದಿನದ ಮೇಲೆ, ಮಾಹಿಮ್ ಕಡೆ. ಮುಖ ತೋರಿಸುವುದು ಬೇಡ ಎಂದು ಗಂಡಸರು ತೀರ್ಮಾನಿಸಿದರು. ಹೀಗಾಗಿ ಅವಳು ಕಂಡ ಸತ್ತ ಮುಖವೆಂದರೆ ಆ ಮೀನಿನದೊಂದೇ. ಅದನ್ನು ಕಾಗದದಲ್ಲಿ ಸುತ್ತಿ ಕಸದ ಡಬ್ಬಿಗೆ ಹಾಕಿದಳು. ಬೇರೇನು ಮಾಡಬೇಕೋ ಅವಳಿಗೆ ತೋಚಲಿಲ್ಲ.

ಸರ್ದಾರ ಬಿಜಾಪುರದ ಕಡೆಯವನು. ಕುರ್ಲಾದ ಒಂದು ಸಣ್ಣ ಕಾರ್ಖಾನೆಯಲ್ಲಿ ಗಾಜು ಕತ್ತರಿಸುವ ಕೆಲಸ. ಅಲ್ಲಿ ಕಬ್ಬಿಣದ ಚೌಕಟ್ಟಿಗೆ ಗಾಜು ಕೂರಿಸಿ ಮೀನಿನ ತೊಟ್ಟಿಗಳನ್ನು ಮಾಡುತ್ತಿದ್ದರು. ತೊಟ್ಟಿ ಮಾಡುವವನಿಗೆ ಮೀನಿನ ಹುಚ್ಚು ಹಿಡಿಯಬೇಕೆಂದಿಲ್ಲ, ಇವನಿಗೆ ಹಿಡಿಯಿತು. ಅದೂ ಸಿಹಿನೀರಿನ ಮೀನಲ್ಲ. ಬಂಡೆಗಳ ಸಂದಿನಲ್ಲಿ ಸಿಗುವ, ರಾತ್ರಿ ಮರಳಿನಲ್ಲಿ ಹೂತುಕೊಂಡು ಮಲಗುವ ಒಂದು ಜಾತಿ. ಅದಕ್ಕೆ ಇಂಗ್ಲಿಷಿನಲ್ಲಿ ರಾಸ್ ಎನ್ನುತ್ತಾರೆಂದು ಅವನಿಗೆ ಹೇಳಿದವನು ಘಾಟ್ಕೋಪರಿನ ಮೀನಂಗಡಿಯ ರಮಾನಾಥ. ಮನೆಯಲ್ಲಿ ಯಾರೂ ಆ ಹೆಸರಿನಿಂದ ಕರೆಯಲಿಲ್ಲ. ಸರ್ದಾರನ ತಾಯಿ ಅಕ್ಬರಬಿ ಅವುಗಳನ್ನು ‘ಇವನ ಮಕ್ಕಳು’ ಎನ್ನುತ್ತಿದ್ದಳು. ಹನ್ನೆರಡು ವರ್ಷ ಸಂಸಾರ ಮಾಡಿಯೂ ಹೆರದ ಸೊಸೆಗೆ ಕೇಳಲಿ ಎಂದು.

ಹದಿನೈದು ದಿನಕ್ಕೊಮ್ಮೆ ಸರ್ದಾರ ಸೈಕಲ್ಲಿಗೆ ಎರಡು ಪ್ಲಾಸ್ಟಿಕ್ ಡಬ್ಬಿ ಕಟ್ಟಿಕೊಂಡು ಬಾಂದ್ರಾಕ್ಕೆ ಹೋಗಿ ಸಮುದ್ರದ ನೀರು ತರುತ್ತಿದ್ದ. ಬೂಟು ಹಾಕಿಕೊಂಡೇ, ಒಂದು ಕಾಲು ಎಳೆದು ಹಾಕುತ್ತ ಮೆಟ್ಟಿಲು ಹತ್ತುತ್ತಿದ್ದ. ಮೇಲಿನಿಂದ ಮೂರನೇ ಮೆಟ್ಟಿಲು ಸಡಿಲ; ಅದು ಸದ್ದು ಮಾಡಿದ ಕೂಡಲೇ ಒಳಗಿನಿಂದ ಅಕ್ಬರಬಿ, “ಸರ್ದಾರ, ಬಂದೇನಪಾ?” ಎಂದು ಕೇಳುತ್ತಿದ್ದಳು. ಅವನು ಹೂಂ ಎನ್ನುತ್ತ ಡಬ್ಬಿಯನ್ನು ಹೊಸ್ತಿಲ ಪಕ್ಕ ಇಡುತ್ತಿದ್ದ. ಅಲ್ಲಿ ಸಿಮೆಂಟಿನ ಮೇಲೆ ಉಪ್ಪಿನ ಬಿಳಿ ಉಂಗುರ ಬಿದ್ದಿತ್ತು. ಗುಲಶನ ಅದನ್ನು ತೊಳೆದರೆ ಹೋಗುತ್ತಿತ್ತು, ನೆಲ ಒಣಗಿದ ಮೇಲೆ ಮತ್ತೆ ಏಳುತ್ತಿತ್ತು. ಅವನು ಸತ್ತ ಮೇಲೂ ಎದ್ದಿತು. ಅವಳು ಕಲ್ಲಿನಿಂದ ಉಜ್ಜಿದಳು. ಮೂರನೇ ದಿನ ಅದೇ ಜಾಗದಲ್ಲಿ ಅದೇ ಉಂಗುರ.

ತೊಟ್ಟಿಯಲ್ಲಿ ಐದು ಮರಿಗಳು ಉಳಿದಿದ್ದವು. ಮೇ ತಿಂಗಳಲ್ಲಿ, ಮಳೆಗೆ ಮೊದಲು, ಸರ್ದಾರ ತಂದವು. ಆಗ ಅವು ಕಿರುಬೆರಳುದ್ದ, ಹುಲ್ಲಿನ ಬಣ್ಣ. ತಂದ ದಿನ ಗುಲಶನಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಆರಿಸುವುದು ಹೇಗೆಂದು ಹೇಳಿದ್ದ.

“ಮೊದಲ ಬಾಯಿ ನೋಡಬೇಕು. ತುಟಿ ಬೆಳ್ಳಗ ಸವದಿದ್ರ ಬಿಡು, ಅದು ತಿನ್ನಂಗಿಲ್ಲ. ತಲಿ ಹಿಂದ ಬೆನ್ನ ತಗ್ಗ ಬಿದ್ದಿದ್ರ ಬಿಡು, ಅದು ಹಸ್ದು ಭಾಳ ದಿನ ಆಗಿರತೈತಿ. ನಿನ್ನ ನೆರಳ ಬಿದ್ದ ಕೂಡ್ಲೆ ಓಡಿ, ಆಮ್ಯಾಲೆ ಯಾರಪಾ ಇವ ಅಂತ ತಿರುಗಿ ನೋಡಾಕ ಬರತೈತಲ್ಲ, ಅದನ್ನ ಹಿಡಿ.”

“ದೊಡ್ಡವ್ನ ಹಿಡದ್ರ ಬೇಸಲ್ಲೇನು? ಸಾಕೂ ತ್ರಾಸ ಇಲ್ಲ.”

“ದೊಡ್ಡವಕ್ಕ ಸಮುದ್ರ ನೆನಪಿರತೈತಿ. ಗಾಜಿಗೆ ಬಡದು ಬಡದು ಸಾಯ್ತಾವ.”

ಅಂದು ತೊಟ್ಟಿಗೆ ಬಿಟ್ಟ ಕೂಡಲೇ ಐದೂ ಮರಿಗಳು ಮರಳಿನೊಳಗೆ ಹೋದವು. ನಾಲ್ಕು ಬೆರಳು ಆಳದ ಮರಳು. ಗುಲಶನಳೇ ಸೊಳ್ಳೆ ಪರದೆಯ ಬಟ್ಟೆಯಲ್ಲಿ ಜರಡಿ ಹಿಡಿದದ್ದು. ನಾಲ್ಕು ದಿನವಾದರೂ ಒಂದೂ ಹೊರಗೆ ಬರಲಿಲ್ಲ. ಸತ್ತು ಕೊಳೆಯುತ್ತಿವೆ ಎಂದು ಅವಳು ಚಮಚ ಹಾಕಿ ಅಗೆಯಲು ಹೋದಾಗ ಸರ್ದಾರ ಅವಳ ಮಣಿಕಟ್ಟು ಹಿಡಿದ. “ಅಗಿಬ್ಯಾಡ. ಅಗದ್ರ ಖರೇನ ಸಾಯ್ತಾವ.” ಬೆರಳಿನ ಗುರುತು ಮೂಡುವಷ್ಟು ಗಟ್ಟಿಯಾಗಿ ಹಿಡಿದಿದ್ದ. ಐದನೆಯ ದಿನ ಅವು ತಾವಾಗಿ ಎದ್ದು ಬಂದವು.

ಸರ್ದಾರ ಸತ್ತು ಹತ್ತು ದಿನವಾದ ಮೇಲೆ ರಮಾನಾಥ ಬಂದ. ಐವತ್ತು ದಾಟಿದ, ಉಡುಪಿ ಕಡೆಯ ಕೊಂಕಣಿ ಮನೆಮಾತಿನ ಮನುಷ್ಯ. ಗುಲಶನ ಇದ್ದತ್ತಿನಲ್ಲಿದ್ದಳು. ಗಂಡ ಸತ್ತ ಮೇಲೆ ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟುವ ಹಾಗಿಲ್ಲ, ಪರಗಂಡಸಿಗೆ ಮುಖ ತೋರಿಸುವ ಹಾಗಿಲ್ಲ. ಅವನು ಗ್ಯಾಲರಿಯಲ್ಲಿ ಸ್ಟೂಲಿನ ಮೇಲೆ ಕುಳಿತ. ಅವಳು ಪರದೆಯ ಈಚೆ ನಿಂತಳು. ಅವನು ಸಾವಿನ ಬಗ್ಗೆ ಎರಡು ಮಾತಾಡಿ ಮೀನಿಗೆ ಬಂದ.

“ಆ ಮರಿಗಳು ನನಗೆ ಅಂತ ಬೆಳೆಸ್ತಿದ್ದ ಅವ. ಒಂದು ದೊಡ್ಡ ಪಾರ್ಟಿಗೆ ನಾಲ್ಕು ಕೊಡ್ತೇನೆ ಅಂತ ನಾನು ಮಾತು ಕೊಟ್ಟು ಆಗಿದೆ. ಈಗ ಎಂತ ಮಾಡುವುದು? ನಾನು ತಗೊಂಡು ಹೋದರೆ ದಾರಿಯಲ್ಲೇ ಸಾಯ್ತವೆ, ಇನ್ನೂ ಸಣ್ಣವು.”

“ನಾ ಬೆಳಸ್ತೀನಿ,” ಎಂದಳು ಗುಲಶನ.

“ನಿಮಗೆ ಗೊತ್ತುಂಟಾ ಅದೆಲ್ಲ?”

“ಮರಳ ಜರಡಿ ಹಿಡದಾಕಿ ನಾನು. ಸಿಗಡಿ ಹೆಚ್ಚಿ ಹಾಕಾಕಿ ನಾನು. ಅವರು ಬರೇ ನೋಡ್ಕೊಂತ ಕೂಡ್ತಿದ್ರು.”

ರಮಾನಾಥ ತಿಂಗಳು ಎಣಿಸಿ ಹೇಳಿದ. “ಮಾರ್ಚಿನವರೆಗೆ ನಾಲ್ಕು ಬದುಕಿಸಿ ಕೊಡಿ. ಕೊಟ್ಟರೆ ನನ್ನ ಗಿರಾಕಿಗಳ ಉಪ್ಪುನೀರಿನ ತೊಟ್ಟಿ ಎಲ್ಲ ನಿಮ್ಮ ಕೈಗೆ. ಕಾಯಂ ಕೆಲಸ. ಮೂರು ಕೊಟ್ಟರೆ ಆಗುವುದಿಲ್ಲ ಮಾರಾಯ್ತಿ, ನಾನು ಮೊದಲೇ ಹೇಳ್ತೇನೆ.”

ಆ ಕೆಲಸ ಅವಳಿಗೆ ಏಕೆ ಬೇಕಾಗಿತ್ತು ಎನ್ನುವುದು ಮುಂದಿನ ವಾರ ಇಡೀ ಚಾಳಿಗೆ ತಿಳಿಯಿತು. ಇದ್ದತ್ತಿನಲ್ಲಿರುವ ಹೆಂಗಸಿನ ಮುಂದೆ ನಿಕಾಹದ ಮಾತು ಎತ್ತಬಾರದು. ಅದಕ್ಕೆ ಅಕ್ಬರಬಿ ಸೊಸೆಗೆ ಏನೂ ಹೇಳಲಿಲ್ಲ; ಸೊಸೆಗೆ ಕೇಳುವ ಹಾಗೆ ಪಕ್ಕದ ಖೋಲಿಯ ರುದ್ರವ್ವನಿಗೆ ಹೇಳಿದಳು.

“ಹೊರಗಿಂದ ಯಾಕ ತರಬೇಕು ಬೇಟಿ? ಶರೀಫ ಅದಾನ. ಅಣ್ಣನ ಜಾಗಾ ತಮ್ಮ ತುಂಬ್ತಾನ. ಮನಿ ಒಡಿಯಂಗಿಲ್ಲ.”

“ಶರೀಫಗ ಕೇಳಿರೇನು?”

“ಅವಗೇನ ಕೇಳೂದು. ಊಟಕ್ಕ ಹಾಕಿದ್ದನ್ನ ಉಣ್ಣೂ ಹುಡುಗ.”

ಸರ್ದಾರನ ತಮ್ಮ ಶರೀಫನಿಗೆ ಇಪ್ಪತ್ತೊಂದು. ಗುಲಶನ ಹದಿನೈದರಲ್ಲಿ ಮದುವೆಯಾಗಿ ಬಂದಾಗ ಅವನು ಒಂಬತ್ತರವನು. ಅವನ ತಲೆಯ ಹೇನು ತೆಗೆದವಳು, ಮೈಲಿಬೇನೆ ಬಂದಾಗ ಬೇವಿನೆಲೆ ಹಾಸಿ ಮಲಗಿಸಿದವಳು ಅವಳೇ. ಈಗ ಅವನು ಒಂದು ಪ್ರೆಸ್ಸಿನಲ್ಲಿ ಕೆಲಸ ಮಾಡುತ್ತಿದ್ದ. ಇದ್ದತ್ತು ಶುರುವಾದಾಗಿನಿಂದ ಗ್ಯಾಲರಿಯಲ್ಲಿ ಮಲಗುತ್ತಿದ್ದ. ಅವನ ಪಕ್ಕ ಮಲಗುವುದನ್ನು ಗುಲಶನಳಿಂದ ನೆನೆಯಲೂ ಆಗುತ್ತಿರಲಿಲ್ಲ. ಬಿಜಾಪುರದ ತವರಿನಲ್ಲಿ ಅಣ್ಣನಿಗೆ ಆರು ಮಕ್ಕಳು. ಬರಬೇಡ ಎಂದು ಅವನು ಕಾಗದದಲ್ಲಿ ಬರೆದಿರಲಿಲ್ಲ. ಬಾ ಎಂದೂ ಬರೆದಿರಲಿಲ್ಲ. ಉಳಿದದ್ದು ನಾಲ್ಕು ಮೀನು.

ದಿನವಿಡೀ ಅವಳು ತೊಟ್ಟಿಯ ಮುಂದೆ ಇರುತ್ತಿದ್ದಳು. ಹೋಗಲು ಬೇರೆ ಜಾಗವೂ ಇರಲಿಲ್ಲ. ಸಿಗಡಿಯನ್ನು ಹಸಿಮೆಣಸಿನ ಬೀಜದಷ್ಟು ಸಣ್ಣಗೆ ಹೆಚ್ಚಿ ದಿನಕ್ಕೆ ಮೂರು ಸಲ ಹಾಕಿದಳು. ತಿನ್ನದೆ ಉಳಿದ ಚೂರನ್ನು ರಬ್ಬರ್ ಕೊಳವೆಯಿಂದ ಹೀರಿ ತೆಗೆದಳು. ಹಲಗೆಯ ಮೇಲೆ ಇಟ್ಟಿಗೆ ಇಟ್ಟಳು. ಗಾಳಿಯ ಪಂಪು ಹಗಲೂ ರಾತ್ರಿ ಗುಳುಗುಳು ಎನ್ನುತ್ತಿತ್ತು. ಮೊದಲು ಆ ಸದ್ದು ಅವಳ ಕಿವಿಗೆ ಬೀಳುತ್ತಲೇ ಇರಲಿಲ್ಲ. ಈಗ ಕೋಣೆಯಲ್ಲಿ ಇನ್ನೊಬ್ಬರು ಬಾಯಿಂದ ಉಸಿರಾಡುತ್ತಿರುವ ಹಾಗೆ ಕೇಳುತ್ತಿತ್ತು. ಸರ್ದಾರ ಬಾಯಿಂದ ಉಸಿರಾಡುತ್ತಿದ್ದ.

ರುದ್ರವ್ವ ಬಾಗಿಲಲ್ಲಿ ನಿಂತು ಕೆಣಕುತ್ತಿದ್ದಳು. “ಅಲ್ಲಬೇ ಗುಲಶನ, ಪರಗಂಡಸರನ್ನ ನೋಡಬಾರದು ಅಂತೀರಿ. ಇವ್ರಾಗ ಗಂಡು ಯಾವ, ಹೆಣ್ಣು ಯಾವ, ನೋಡೀಯೇನು?”

“ಎಲ್ಲಾ ಹೆಣ್ಣ ಅದಾವ. ಗಂಡು ಮಂಚದ ಕೆಳಗ ಸತ್ತಿತು.”

ರುದ್ರವ್ವ ಆಮೇಲೆ ಆ ಮಾತು ತೆಗೆಯಲಿಲ್ಲ. ಅಂದರೆ ಸ್ವಲ್ಪ ದಿನ.

ಡಿಸೆಂಬರ್ ಕೊನೆಯಲ್ಲಿ ನಲವತ್ತನೆಯ ದಿನ ಬಂತು. ಸತ್ತವನಿಗೆ ಇಷ್ಟವಾದದ್ದನ್ನು ಮಾಡಿ ಫಾತಿಹಾ ಓದಿಸಬೇಕು. ಅಕ್ಬರಬಿ ಮಲೀದಾ ಮಾಡಿದಳು: ಚಪಾತಿ ಪುಡಿಮಾಡಿ, ಬೆಲ್ಲ ಹಾಕಿ, ಕೈಗೆ ಅಂಟುವಷ್ಟು ತುಪ್ಪ ಸುರಿದು. ಅವರ ಊರಲ್ಲಿ ಒಂದು ವಾಡಿಕೆಯಿತ್ತು. ಫಾತಿಹಾ ಆದ ಮೇಲೆ ಮೊದಲ ತುತ್ತು ಸತ್ತವನು ಸಾಕಿದ ಪ್ರಾಣಿಗೆ. ಅಕ್ಬರಬಿಯ ಮಾವ ಸತ್ತಾಗ ಎತ್ತಿಗೆ ಕೊಟ್ಟಿದ್ದರು, ಅವಳ ಗಂಡ ಸತ್ತಾಗ ಆಡಿಗೆ. ಎತ್ತು ತಿಂದು ತಲೆ ಆಡಿಸಿತ್ತೆಂದು ಅವಳು ಹೇಳುತ್ತಿದ್ದಳು. ಸರ್ದಾರ ಸಾಕಿದ್ದು ಮೀನು. ಪೊರೆ ಬಂದ ಕಣ್ಣಿನ ಮುದುಕಿ ಗೋಡೆ ಹಿಡಿದು ಬಂದು, ಇಟ್ಟಿಗೆ ಇಳಿಸಿ, ಹಲಗೆ ಸರಿಸಿ, ಒಂದು ಹಿಡಿ ಮಲೀದಾವನ್ನು ತೊಟ್ಟಿಗೆ ಹಾಕಿದಳು. ಗುಲಶನ ಆಗ ಮೋರಿಯ ಬಳಿ ಬೆನ್ನು ತಿರುಗಿಸಿ ಪಾತ್ರೆ ತೊಳೆಯುತ್ತಿದ್ದಳು. ಕೆಲಸ ಮುಗಿಸಿ ತಿರುಗಿದಾಗ ಮಧ್ಯಾಹ್ನ ಎರಡು ಗಂಟೆ. ನೀರು ಅಕ್ಕಿ ತೊಳೆದ ಕಲಗಚ್ಚಿನ ಹಾಗಿತ್ತು. ಮೇಲೆ ತುಪ್ಪದ ಹಳದಿ ಪೊರೆ. ಐದೂ ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆದು ತೆರೆದು ಮುಚ್ಚುತ್ತಿದ್ದವು.

“ಏನ ಹಾಕೀರಿ ಇದರಾಗ?”

“ಅವನ ಹೆಸರಿನ ತುತ್ತು. ನೋಡು, ಬಾಯಿ ತಗದಾವ. ತಿಂತಾವ.”

“ತಿಂತಿಲ್ಲ. ಸಾಯ್ತಾವ.”

ಅಕ್ಬರಬಿ ತುಪ್ಪದ ಕೈಯನ್ನು ಸೆರಗಿಗೆ ಒರೆಸಿಕೊಂಡಳು. 

ಗುಲಶನ ಬಟ್ಟೆ ಎಳೆದು ತುಪ್ಪ ತೆಗೆದಳು, ಕೈಗೆ ಸಿಕ್ಕಷ್ಟು ಹಿಟ್ಟು ತೆಗೆದಳು. ಅರ್ಧ ನೀರು ಹೊರಹಾಕಬೇಕು. ಹಾಕಲು ಮನೆಯಲ್ಲಿ ಸಮುದ್ರದ ನೀರು ಇರಲಿಲ್ಲ. ಅವಳು ಹೊರಗೆ ಹೋಗುವ ಹಾಗಿಲ್ಲ. ಅಣ್ಣ ಸತ್ತಾಗಿನಿಂದ ಶರೀಫ ಸಮುದ್ರದ ಕಡೆ ಹೋಗಿರಲಿಲ್ಲ. ನೀರನ್ನು ರಮಾನಾಥನ ಆಳು ಒಂದು ಸಲ ತಂದುಕೊಟ್ಟಿದ್ದ. ಅವಳು ಪರದೆಯ ಬಳಿ ನಿಂತಳು. ಗ್ಯಾಲರಿಯಲ್ಲಿ ಶರೀಫ ತಟ್ಟೆಯ ಮುಂದೆ ಕುಳಿತಿದ್ದ.

“ಶರೀಫ, ನೀರು ಬೇಕು.”

“ನಳದಾಗ ಬರ್ತದಲ್ಲ ಭಾಬಿ.”

“ಯಾವ ನೀರಂತ ನಿನಗ ಗೊತ್ತದ.”

ಅವನು ಉಣ್ಣುವುದನ್ನು ನಿಲ್ಲಿಸಿದ. ಸ್ವಲ್ಪ ಹೊತ್ತಿನ ಮೇಲೆ ಮೂಲೆಯಿಂದ ಡಬ್ಬಿಗಳನ್ನೂ ಅಣ್ಣನ ಬೂಟುಗಳನ್ನೂ ಎಳೆದುಕೊಂಡ ಸದ್ದು ಕೇಳಿಸಿತು.

ತೊಟ್ಟಿಯ ಪಂಪಿನ ಗಾಳಿ ಸಾಲಲಿಲ್ಲ. ಅವನು ಬರುವವರೆಗೆ ರುದ್ರವ್ವ ತನ್ನ ಗಂಡನ ಸೈಕಲ್ ಪಂಪು, ಒಂದು ಹಳೇ ಟ್ಯೂಬು ತಂದಳು. ಕರೆಂಟು ಹೋದಾಗ ಸರ್ದಾರ ಮಾಡುತ್ತಿದ್ದ ಉಪಾಯ: ಟ್ಯೂಬಿಗೆ ಗಾಳಿ ತುಂಬಿಸಿ, ಸಣ್ಣ ನಳಿಕೆಯಿಂದ ಅದನ್ನು ಮೆಲ್ಲಗೆ ನೀರಿಗೆ ಬಿಡುವುದು. ಇಬ್ಬರೂ ಸರದಿಯ ಮೇಲೆ ಪಂಪು ಹೊಡೆದರು. ಬೆವರು ಸುರಿಯಿತು.

“ನನ್ನ ಗಂಡಗ ದಮ್ಮ ಎದ್ದಾಗ ಇದರ ಅರ್ಧ ಸೇವಾ ಮಾಡಿಲ್ಲ ನಾ,” ಎಂದಳು ರುದ್ರವ್ವ. “ಗೊತ್ತಾದ್ರ ತೊಟ್ಯಾಗ ಹೋಗಿ ಕೂಡ್ತಾನ.”

ಗುಲಶನ ನಗಲಿಲ್ಲ. ಒಂದು ಮರಿ ಅಡ್ಡ ತಿರುಗಿ ತೇಲಿತು. ಅವಳು ಅದನ್ನು ಎತ್ತಿ ನೆಲದ ಮೇಲಿಟ್ಟಳು. ಉಳಿದ ನಾಲ್ಕು ಒಂದರ ಹಿಂದೆ ಒಂದು ಮರಳಿನೊಳಗೆ ಹೋದವು.

ಸಂಜೆ ಆರೂವರೆಗೆ ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಭಾರದ, ಒದ್ದೆಯ, ಒಂದು ಕಾಲು ಎಳೆದು ಹಾಕುವ ಹೆಜ್ಜೆ. ಮೂರನೇ ಮೆಟ್ಟಿಲು ನರಳಿತು. ಡಬ್ಬಿ ಹೊಸ್ತಿಲ ಪಕ್ಕ ಕುಳಿತ ಸದ್ದು. ಗುಲಶನಳ ಕೈಯಲ್ಲಿದ್ದ ಪಂಪು ಅಲ್ಲೇ ನಿಂತಿತು. ಅಕ್ಬರಬಿ ಎದ್ದು ಕುಳಿತು ಬಾಯಿ ತೆರೆದಳು, ಕೇಳಲಿಲ್ಲ. ಪರದೆಯ ಆಚೆಯಿಂದ ಶರೀಫನ ದನಿ, “ತಂದೀನಿ,” ಎಂದಿತು.

“ಆ ಬೂಟ್ ಹಾಕ್ಕೋಬ್ಯಾಡ ಇನ್ನ,” ಎಂದಳು ಗುಲಶನ.

“ಬಂಡೆಗಲ್ಲ ಕಾಲು ಕೊಯ್ತಾವ ಭಾಬಿ.”

ಅವನು ಡಬ್ಬಿಯನ್ನು ಇಟ್ಟದ್ದು ಆ ಬಿಳಿ ಉಂಗುರದ ಮೇಲೆಯೇ. ಬೇರೆಲ್ಲೂ ಇಡಲು ಜಾಗ ಇರಲಿಲ್ಲ, ನಿಜ.

ನಾಲ್ಕು ದಿನ ಕಳೆಯಿತು. ಐದನೆಯ ದಿನ ಗುಲಶನ ಬೆಳಕಾಗುವ ಮೊದಲೇ ತೊಟ್ಟಿಯ ಮುಂದೆ ಕುಳಿತಳು, ಮರಳು ಅಲುಗಲಿಲ್ಲ. ಆರನೆಯ ದಿನವೂ ಇಲ್ಲ. ಏಳನೆಯ ದಿನ ಅಕ್ಬರಬಿ ಚಮಚ ಹಿಡಿದು ಬಂದಳು. “ಸತ್ತದ್ದನ್ನ ಮನ್ಯಾಗ ಇಟ್ಕೋಬಾರದು. ತಗದು ಬಿಡೂಣು.” ಅವಳ ಕೈ ನೀರಿಗಿಳಿಯುವ ಮೊದಲು ಗುಲಶನ ಆ ಮಣಿಕಟ್ಟನ್ನು ಹಿಡಿದಳು.

“ಅಗಿಬ್ಯಾಡ್ರಿ. ಅಗದ್ರ ಖರೇನ ಸಾಯ್ತಾವ.”

ಮುದುಕಿ ಕೈ ಬಿಡಿಸಿಕೊಳ್ಳಲಿಲ್ಲ. ಪೊರೆ ಬಂದ ಕಣ್ಣುಗಳನ್ನು ಗುಲಶನಳ ಮುಖದ ಕಡೆ ತಿರುಗಿಸಿ ಏನನ್ನೋ ಕೇಳಿಸಿಕೊಳ್ಳುವವಳ ಹಾಗೆ ನಿಂತಳು. ಆಮೇಲೆ, “ಹಂಗ ಹಿಡೀಬ್ಯಾಡ, ನೋವಾಗತೈತಿ,” ಎಂದಳು. ಗುಲಶನ ಬಿಟ್ಟಾಗ ಆ ಸುಕ್ಕಿದ ಚರ್ಮದ ಮೇಲೆ ನಾಲ್ಕು ಬೆರಳು ಮೂಡಿದ್ದವು.

ಎಂಟನೆಯ ದಿನ ಬೆಳಿಗ್ಗೆ ಮರಳಿನಲ್ಲಿ ಒಂದು ಮೂತಿ ಕಂಡಿತು. ಮಧ್ಯಾಹ್ನದೊಳಗೆ ನಾಲ್ಕೂ ಹೊರಗೆ ಬಂದವು. ತೆಳ್ಳಗಾಗಿದ್ದವು. ಸಿಗಡಿಯ ಚೂರಿಗೆ ಜಗಳವಾಡಿದವು.

ಆಮೇಲೆ ಶರೀಫನೇ ಹದಿನೈದು ದಿನಕ್ಕೊಮ್ಮೆ ನೀರಿಗೆ ಹೋದ. ಪ್ರತಿ ಸಲ ಅದೇ ಬೂಟು, ಅದೇ ಹೆಜ್ಜೆ. ಬಂದ ಮೇಲೆ ಮಾತಾಡುತ್ತಿರಲಿಲ್ಲ. ಫೆಬ್ರುವರಿಯಲ್ಲಿ ಒಮ್ಮೆ ಪರದೆಯ ಆಚೆ ಕುಳಿತು ತಾನಾಗಿ ಹೇಳಿದ:

“ಅಲ್ಲಿ ಬಗ್ಗಿ ನೀರ ತುಂಬೂ ಮುಂದ, ಹಿಂದ ಯಾರೋ ಡಬ್ಬಿ ಇಟ್ಟ ಸಪ್ಪಳ ಆಗತೈತಿ ಭಾಬಿ. ತಿರುಗಿ ನೋಡಿದ್ರ ಯಾರೂ ಇರಂಗಿಲ್ಲ.”

“ಗಾಳಿ.”

“ಗಾಳಿಗೆ ಡಬ್ಬಿ ಇಡಾಕ ಬರ್ತದೇನು?”

ಗುಲಶನ ತೊಟ್ಟಿಯ ಕಡೆ ತಿರುಗಿದಳು. ಅವನು ಭಯಪಟ್ಟದ್ದರಲ್ಲಿ ಅವಳಿಗೆ ಆಶ್ಚರ್ಯವಿರಲಿಲ್ಲ. ಅವಳ ಭಯ ತೊಟ್ಟಿಯಲ್ಲಿತ್ತು.

ನಾಲ್ಕರಲ್ಲಿ ದೊಡ್ಡದೊಂದು ಮೀನು ಬೇರೆ ಥರ ಆಗುತ್ತಿತ್ತು. ಮೊದಲು ಅದರ ಹುಲ್ಲಿನ ಬಣ್ಣ ಮಾಸಿತು, ರೋಗ ಎಂದುಕೊಂಡಳು. ಆದರೆ ಅದು ಎಲ್ಲರಿಗಿಂತ ಹೆಚ್ಚು ತಿನ್ನುತ್ತಿತ್ತು. ಉಳಿದ ಮೂರನ್ನು ಅಟ್ಟಿಸಿಕೊಂಡು ಹೋಗುತ್ತಿತ್ತು. ಆಮೇಲೆ ಮೈಯಲ್ಲಿ ಹಸಿರು ಬಂತು. ಕೆನ್ನೆಯ ಮೇಲೆ ಸೂಜಿಯಿಂದ ಗೀಚಿದ ಹಾಗೆ ಕೆಂಪು ಗೆರೆ ಬಂತು. ಅದು ಮಲಗುವ ಜಾಗವನ್ನೂ ಬದಲಾಯಿಸಿತು. ಎಡ ಮೂಲೆಯಲ್ಲಿ ಒಂದು ಕಪ್ಪು ಕಲ್ಲಿತ್ತು. ಅದರ ಬುಡದ ಮರಳಿನಲ್ಲಿ ಸತ್ತ ಗಂಡು ಮಲಗುತ್ತಿತ್ತು. ಸಂಜೆ ದೀಪ ಹಾಕುವ ಹೊತ್ತಿಗೆ ಈ ಮೀನು ಆ ಕಲ್ಲಿನ ಬುಡಕ್ಕೆ ಹೋಗಿ ಮೂರು ಸಲ ಸುತ್ತಿ, ಅಡ್ಡ ಬಿದ್ದು, ಮರಳಿನೊಳಗೆ ಇಳಿಯುತ್ತಿತ್ತು. ಮೂರೇ ಸಲ. ಸತ್ತ ಗಂಡು ಹಾಗೆಯೇ ಮಾಡುತ್ತಿದ್ದುದನ್ನು ಇದು ಸಣ್ಣದಿದ್ದಾಗ ನೋಡಿರಬಹುದು ಎಂದು ಗುಲಶನ ತನಗೆ ತಾನೇ ಹೇಳಿಕೊಂಡಳು. ಅಷ್ಟು ಹೇಳಿಕೊಂಡರೂ ಆ ಹೊತ್ತಿಗೆ ತೊಟ್ಟಿಯ ಮೇಲೆ ಬಟ್ಟೆ ಹೊದಿಸತೊಡಗಿದಳು. ಮಾರ್ಚ್ ಮೊದಲ ವಾರ ಅದರ ಬೆನ್ನಿನ ರೆಕ್ಕೆಯ ಮೇಲೆ ಕಪ್ಪು ಬೊಟ್ಟು ಬಿತ್ತು.

ಅಕ್ಬರಬಿಗೆ ಢಾಳಾದ ಬಣ್ಣಗಳಷ್ಟೇ ಕಾಣುತ್ತಿದ್ದವು. ಒಂದು ದಿನ ಗಾಜಿಗೆ ಮೂಗು ಹಚ್ಚಿ ನಿಂತವಳು ಹಿಂದಕ್ಕೆ ಸರಿದಳು.

“ಬಂತು,” ಎಂದಳು. “ಸತ್ತದ್ದು ತಿರುಗಿ ಬಂತು.”

ಮೀನು ನೋಡಲು ರಮಾನಾಥ ಬಂದಾಗ ಗುಲಶನ ಪರದೆಯ ಹಿಂದಿನಿಂದಲೇ ಇದು ಹೇಗಾಯಿತೆಂದು ಕೇಳಿದಳು. ಅವನು ಒಳಗೆ ಹೋಗಿ ನೋಡಿ ಬರುವಾಗ ಅವಳು ರುದ್ರವ್ವನ ಖೋಲಿಯ ಕಡೆಯ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಅಕ್ಬರಬಿ, ರುದ್ರವ್ವ ಇಬ್ಬರೂ ಅಲ್ಲೇ ಇದ್ದರು.

“ಹೌದು, ಅದು ಹೆಣ್ಣೇ ಇದ್ದದ್ದು,” ಎಂದ ರಮಾನಾಥ. “ಪುಸ್ತಕದಲ್ಲಿ ಉಂಟು. ಗಂಡು ಸತ್ತರೆ ಇದ್ದವುಗಳಲ್ಲಿ ದೊಡ್ಡ ಹೆಣ್ಣು ಗಂಡಾಗ್ತದೆ. ಬಣ್ಣ, ಬುದ್ಧಿ, ಎಲ್ಲ. ಮೋಸ ಎಂತ ಇಲ್ಲ ಅದರಲ್ಲಿ.”

“ಯವ್ವಾ,” ಎಂದಳು ರುದ್ರವ್ವ. “ಇದನ್ನ ನಮ್ಮ ಚಾಳಿನ ಗಂಡಸರಿಗೆ ಹೇಳಬ್ಯಾಡ್ರಿ, ನಿದ್ದಿ ಹತ್ತಂಗಿಲ್ಲ ಅವರಿಗೆ.”

ಗ್ಯಾಲರಿಯಲ್ಲಿ ಯಾರೋ ನಕ್ಕರು. ಅಕ್ಬರಬಿ ನಗಲಿಲ್ಲ. “ಮೀನಿಗೆ ಮೈದುನ ಇಲ್ಲ,” ಎಂದಳು. “ಅದಕ್ಕ ಹೆಣ್ಣ ಗಂಡಾಗಬೇಕು. ನಮಗ ಶರೀಫ ಅದಾನ.”

ಮಾರ್ಚ್ ಕೊನೆಯಲ್ಲಿ ಇದ್ದತ್ತು ಮುಗಿಯಿತು. ನಸುಕಿನಲ್ಲಿ ಸ್ನಾನ ಮಾಡಿ ಗುಲಶನ ನಾಲ್ಕೂ ಮೀನುಗಳನ್ನು ಡಬ್ಬಿಗೆ ಇಳಿಸಿದಳು. ಕುರ್ಲಾ ಸ್ಟೇಷನ್ನಿನಲ್ಲಿ ಹೆಂಗಸರ ಬೋಗಿಗೆ ಹತ್ತಿ ಮಡಿಲಲ್ಲಿ ಅದನ್ನು ಹಿಡಿದು ಕುಳಿತಳು. ಘಾಟ್ಕೋಪರಿನಲ್ಲಿ ಇಳಿಯುವವರೆಗೆ ಮುಚ್ಚಳ ತೆಗೆದು ನೋಡಲಿಲ್ಲ. ಅಂಗಡಿಯಲ್ಲಿ ರಮಾನಾಥ ಅವುಗಳನ್ನು ತೊಟ್ಟಿಗೆ ಬಿಟ್ಟ. ಭಯದಿಂದ ಗಂಡಿನ ಬಣ್ಣ ಇಳಿದುಹೋಯಿತು. ಅರ್ಧ ಗಂಟೆಯಲ್ಲಿ ಮರಳಿ ಬಂತು. ಅಷ್ಟು ಹೊತ್ತೂ ಇಬ್ಬರೂ ಗಾಜಿನ ಮುಂದೆ ನಿಂತಿದ್ದರು.

“ನಾಲ್ಕು,” ಎಂದ ರಮಾನಾಥ. “ಸೋಮವಾರದಿಂದ ಬನ್ನಿ. ಮಳೆಗೆ ಮುಂಚೆ ಹೊಸ ಮರಿ ಬೇಕಾಗ್ತದೆ. ಹಿಡಿಯುವವರು ಯಾರು?”

“ನೋಡ್ತೀನಿ,” ಎಂದಳು.

ಮನೆಗೆ ಬಂದಾಗ ಅಕ್ಬರಬಿ ಹಸಿರು ಬಳೆಗಳನ್ನು ಮುಂದಿಟ್ಟುಕೊಂಡು ಕುಳಿತಿದ್ದಳು. ಶರೀಫ ಬಾಗಿಲಲ್ಲಿ ನಿಂತಿದ್ದ.

“ಶುಕ್ರವಾರ ಖಾಜಿಗೆ ಹೇಳೀನಿ.”

“ಬ್ಯಾಡ್ರಿ. ನಾ ಅವನ ತಲಿಯ ಹೇನ ತಗದಾಕಿ.”

“ಅದಕ್ಕೇನಾತು?”

“ಅದಕ್ಕ ಆಗಂಗಿಲ್ಲ. ನನಗ ಕೆಲಸ ಸಿಕ್ಕೈತಿ. ನಾ ಇಲ್ಲೇ ಇರ್ತೀನಿ, ನಿಮ್ಮ ನೋಡ್ಕೋತೀನಿ. ಆದ್ರ ಅದು ಆಗಂಗಿಲ್ಲ.”

ಅಕ್ಬರಬಿ ಮಗನ ಕಡೆ ತಿರುಗಿದಳು. “ನೀ ಏನಂತಿ?”

ಶರೀಫ ಬಗ್ಗಿ ಮೂಲೆಯಲ್ಲಿದ್ದ ಬೂಟುಗಳನ್ನು ಎತ್ತಿ ಒಳಗೆ, ಗುಲಶನಳ ಮುಂದೆ ಇಟ್ಟ. “ಇವು ನನ್ನ ಕಾಲಿಗೆ ಎಂದೂ ಬರೋಬರಿ ಆಗಿಲ್ಲ,” ಎಂದ. ಮುಂದಿನ ವಾರ ಜೋಗೇಶ್ವರಿಯ ಒಂದು ಕಾರ್ಖಾನೆಯಲ್ಲಿ ಕೆಲಸ ಹುಡುಕಿಕೊಂಡು, ಅಲ್ಲೇ ಗೆಳೆಯನ ಖೋಲಿಗೆ ಹೋದ. ರವಿವಾರಕ್ಕೊಮ್ಮೆ ಬರುತ್ತಿದ್ದ. ಅಕ್ಬರಬಿ ಎರಡು ತಿಂಗಳು ಸೊಸೆಯೊಂದಿಗೆ ಬೇಕಾದ್ದಕ್ಕಷ್ಟೇ ಮಾತಾಡಿದಳು. ಅವಳ ಕಣ್ಣು ಇನ್ನೂ ಮಂಜಾಯಿತು. ಗೋಡೆಯ ಕಡೆ ತಿರುಗಿ ಮಲಗುವುದು ಹೆಚ್ಚಾಯಿತು.

ಖಾಲಿ ತೊಟ್ಟಿಯ ಪಂಪನ್ನು ಗುಲಶನ ನಿಲ್ಲಿಸಲಿಲ್ಲ.

ಮೇ ತಿಂಗಳಲ್ಲಿ ಅವಳು ಬೂಟಿನೊಳಗೆ ಬಟ್ಟೆ ತುರುಕಿ, ಬಲೆ, ಎರಡು ಡಬ್ಬಿ ತೆಗೆದುಕೊಂಡು ಬಸ್ಸಿನಲ್ಲಿ ಬಾಂದ್ರಾಕ್ಕೆ ಹೋದಳು. ಕಂಡಕ್ಟರ್ ಡಬ್ಬಿ ನೋಡಿ, “ಬಾಯಿ, ಘಾಸ್ಲೇಟ್ ಆಹೇ ಕಾ?” ಎಂದ. ಸೀಮೆಎಣ್ಣೆಯಲ್ಲ, ಖಾಲಿ ಎಂದು ತಲೆಕೆಳಗು ಮಾಡಿ ತೋರಿಸಿದಳು. ಹತ್ತೂವರೆಗೆ ನೀರು ಪೂರ್ತಿ ಇಳಿದು ಬಂಡೆಗಳು ಎದ್ದಿದ್ದವು. ಬೂಟು ಸಿಕ್ಕ ಜಾಗ ಯಾವುದೆಂದು ಅವಳಿಗೆ ಯಾರೂ ತೋರಿಸಿರಲಿಲ್ಲ. ಯಾವುದಾದರೂ ಆಗಿರಬಹುದು. ಅವಳು ಬೂಟು ಕಳಚಲಿಲ್ಲ.

ಬಂಡೆಯ ಕುಳಿಗಳಲ್ಲಿ ನಿಂತ ನೀರು ಬೆಚ್ಚಗಿತ್ತು. ಮೂರನೆಯ ಕುಳಿಯಲ್ಲಿ ಹುಲ್ಲಿನ ಬಣ್ಣದ ಮರಿಗಳು ಕಂಡವು. ಬಗ್ಗಿದಳು. ನೆರಳು ಬಿದ್ದ ಕೂಡಲೇ ಎಲ್ಲ ಓಡಿದವು. ಅವಳು ಕದಲದೆ ಕಾದಳು. ಒಂದು ತಿರುಗಿ ಬಂದು ಅವಳನ್ನು ನೋಡಿತು. ಅದನ್ನು ಹಿಡಿದಳು. ತುಟಿ ನೋಡಿದಳು, ಬೆನ್ನು ನೋಡಿದಳು, ಡಬ್ಬಿಗೆ ಬಿಟ್ಟಳು. ಇನ್ನೊಂದರ ತುಟಿ ಸವೆದಿತ್ತು, ಬಿಟ್ಟುಬಿಟ್ಟಳು. ಗೇಣುದ್ದದ್ದೊಂದು ಬಲೆಗೆ ತಾನಾಗಿ ಬಂತು. ಹಸಿರು ಮೈ, ಕೆಂಪು ಗೆರೆ. ಅದನ್ನೂ ಬಿಟ್ಟಳು. ನಾಲ್ಕಾದವು. ಐದನೆಯದಕ್ಕೆ ಬಗ್ಗಿದಾಗ ಹಿಂದೆ ಯಾರೋ ಡಬ್ಬಿ ಇಟ್ಟರು.

ಅವಳ ಕೈ ನೀರಿನಲ್ಲೇ ನಿಂತಿತು. ಮತ್ತೆ ಸದ್ದಾಯಿತು. ಬಂಡೆಗೆ ಪ್ಲಾಸ್ಟಿಕ್ ತಗಲುವ, ಮನೆಯ ಹೊಸ್ತಿಲಲ್ಲಿ ಕೇಳಿ ಕೇಳಿ ಗೊತ್ತಿದ್ದ ಸದ್ದು. ಅವಳು ಐದನೆಯ ಮರಿಯನ್ನು ಹಿಡಿದು ಡಬ್ಬಿಗೆ ಬಿಟ್ಟು, ಮುಚ್ಚಳ ಹಾಕಿ, ಆಮೇಲೆ ತಿರುಗಿದಳು. ಒಣ ಬಂಡೆಯ ಮೇಲೆ ಇಟ್ಟಿದ್ದ ಇನ್ನೊಂದು ಡಬ್ಬಿಯವರೆಗೆ ಸಮುದ್ರ ಬಂದಿತ್ತು. ನೀರು ಖಾಲಿ ಡಬ್ಬಿಯನ್ನು ಎತ್ತಿ ಎತ್ತಿ ಬಂಡೆಗೆ ಇಡುತ್ತಿತ್ತು. ಬಂದ ದಾರಿಯಲ್ಲಿ ಮೊಣಕಾಲುದ್ದ ನೀರು. ಇನ್ನು ಹತ್ತು ನಿಮಿಷ ಬಗ್ಗಿದ್ದರೆ ದಾರಿ ಇರುತ್ತಿರಲಿಲ್ಲ. ಅವಳು ಆ ಡಬ್ಬಿಯನ್ನೂ ತುಂಬಿಕೊಂಡು ದಡಕ್ಕೆ ನಡೆದಳು. ಬೂಟಿನೊಳಗೆ ನೀರು ತುಂಬಿ ಒಂದು ಕಾಲು ಎಳೆದು ಹಾಕಬೇಕಾಯಿತು.

ಕುರ್ಲಾಕ್ಕೆ ಬಂದಾಗ ಮಧ್ಯಾಹ್ನ ಎರಡೂವರೆ. ಚಾಳು ಉಂಡು ಮಲಗಿತ್ತು. ಎರಡು ಕೈಯಲ್ಲಿ ಎರಡು ಡಬ್ಬಿ. ಬಟ್ಟೆ ತುರುಕಿದ ಬೂಟು ಕಳಚಲು ಆಗಲಿಲ್ಲ. ಹಾಗೇ ಮೆಟ್ಟಿಲು ಹತ್ತಿದಳು. ಮೇಲಿನಿಂದ ಮೂರನೆಯದು ನರಳಿತು.

ಒಳಗೆ ಮಂಚ ಅಲುಗಿದ ಸದ್ದಾಯಿತು.

“ಸರ್ದಾರ, ಬಂದೇನಪಾ?”

ನಿದ್ದೆಗಣ್ಣಿನ ದನಿ, ಹೋದ ವರ್ಷದ ಮೇ ತಿಂಗಳಿನದೇ ದನಿ. ಗುಲಶನ ಪರದೆಯ ಹೊರಗೆ ನಿಂತಳು.  ಒಂದು ಡಬ್ಬಿಯನ್ನು ಇಳಿಸಿದಳು. ಬಿಳಿ ಉಂಗುರದ ಮೇಲೆ ಅದು ಸರಿಯಾಗಿ ಕುಳಿತಿತು.

“ಹೂಂ,” ಎಂದಳು.

“ಎಷ್ಟ ಸಿಕ್ಕಾವ?”

“ಐದು.”